429,49,67,297ರ ಚೆಲುವು

ಮೂವತ್ತೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದಕ್ಕೆ ಒಂದು ಕೂಡಿಸಿ. ಸಿಗುವುದು 429,49,67,297. ನೋಡಲು ಸಾಧಾರಣ ಬೆಸಸಂಖ್ಯೆ. ಮೂರು, ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಭಾಗವಾಗದೆ ಬಿಗಿಯಾಗಿ ಕೂತಿರುತ್ತದೆ.

ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯವೆಂದೇ ನಂಬಿದ್ದ. ನಂಬಲು ಕಾರಣವೂ ಇತ್ತು. 2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಹೋಗಿ ಪ್ರತಿ ಸಲವೂ ಒಂದು ಕೂಡಿಸಿದರೆ 3, 5, 17, 257, 65,537 ಬರುತ್ತವೆ, ಐದೂ ಅವಿಭಾಜ್ಯ. ಆರನೆಯದೇ ನಮ್ಮ ಸಂಖ್ಯೆ. 1729ರಲ್ಲಿ ಗೋಲ್ಡ್‌ಬಾಕ್ ಪತ್ರ ಬರೆದು ಈ ನಂಬಿಕೆಯತ್ತ ಆಯ್ಲರನ ಗಮನ ಸೆಳೆದ. 1732ರ ಹೊತ್ತಿಗೆ ಆಯ್ಲರ್ ಸಂಖ್ಯೆಯನ್ನು ಒಡೆದೇಬಿಟ್ಟಿದ್ದ: 641 × 67,00,417.

ನೂರಾರು ಅವಿಭಾಜ್ಯಗಳನ್ನು ಒಂದೊಂದಾಗಿ ಹಿಡಿದು ಭಾಗಿಸಿ ನೋಡುವ ಅಗತ್ಯವೇ ಇಲ್ಲಿಲ್ಲ. ಇದರ ಯಾವ ಅವಿಭಾಜ್ಯ ಭಾಜಕವೇ ಆಗಲಿ, 64ರಿಂದ ಭಾಗಿಸಿದಾಗ ಒಂದನ್ನೇ ಉಳಿಸಬೇಕು ಎಂದು ಆಯ್ಲರ್ ಮುಂದೆ ಸಾಧಿಸಿದ. ಹಾಗಾಗಿ 193, 257, 449, 577, ಆಮೇಲೆ 641. ಐದನೆಯ ತಟ್ಟಿಗೆ ಬಾಗಿಲು ತೆರೆಯುತ್ತದೆ!

ಆದರೆ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು 641 ಎಂಬ ಆ ಪುಟ್ಟ ಸಂಖ್ಯೆಯ ಎರಡು ಮುಖ. ಅದು 625 + 16, ಅಂದರೆ 5⁴ + 2⁴. ಅದೇ 640 + 1 ಕೂಡ, ಅಂದರೆ 5 × 2⁷ + 1. ಇನ್ನು 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಲೆಕ್ಕಕ್ಕಿಡಿ. ಎರಡನೆಯ ಮುಖದಿಂದ 5 × 2⁷ ಎಂಬುದು −1ಕ್ಕೆ ಸಮ. ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ ಎಂಬುದು 1. ಮೊದಲ ಮುಖವೋ, 5⁴ ಇದ್ದಲ್ಲಿ −2⁴ ಬರೆಯಬಹುದೆನ್ನುತ್ತದೆ. ಬರೆದರೆ −2³² ಎಂಬುದು 1; ಹಾಗಾದರೆ 2³² + 1ರ ಶೇಷ ಸೊನ್ನೆ. ಹತ್ತಂಕಿಯ ಸಂಖ್ಯೆಯನ್ನು ಮುಟ್ಟದೆಯೇ ಭಾಗಾಕಾರ ಮುಗಿಯಿತು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ಕೆಲಸ ಮಾಡುವ ಸಾಧನೆಗಳು ಗಣಿತದಲ್ಲಿ ವಿರಳವೆಂದೇ ನನ್ನ ಭಾವನೆ.

ಇನ್ನೊಂದು ಸೊಗಸಿದೆ. ಈ ಸಂಖ್ಯೆ ಎರಡು ವರ್ಗಗಳ ಮೊತ್ತ: 65,536² + 1². ಅವಿಭಾಜ್ಯವಾಗಿದ್ದರೆ ಹೀಗೆ ಬರೆಯುವ ದಾರಿ ಒಂದೇ ಇರಬೇಕಿತ್ತು. ಇದಕ್ಕೆ ಎರಡನೆಯದೂ ಉಂಟು: 62,264² + 20,449². ಎರಡೂ ಎಲ್ಲಿಂದ ಬಂದವು? 641 ಎಂದರೆ 25² + 4². 67,00,417 ಎಂದರೆ 2556² + 409². ಇಂಥ ಎರಡು ಮೊತ್ತಗಳನ್ನು ಗುಣಿಸಿದಾಗ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತದೆ, ಅದೂ ಎರಡು ಬಗೆಯಲ್ಲಿ. ಬ್ರಹ್ಮಗುಪ್ತ 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಕೊಟ್ಟ, ‘ಭಾವನಾ’ ಎಂದು ಹೆಸರಾದ ಸೂತ್ರದ ಜಾತಿಯದೇ ಇದು. ಅಡ್ಡ ಗುಣಾಕಾರ ಮಾಡಿ ನೋಡಿ: 25 × 409 = 10,225; 4 × 2556 = 10,224. ಕಳೆದರೆ 1, ಫರ್ಮಾ ಕೂಡಿಸಿದ ಅದೇ ಒಂದು. ಕೂಡಿದರೆ 20,449, ಅದು ತಾನೇ ಒಂದು ವರ್ಗ, 143ರದು.