ಲೋಕೋಪಕಾರದ ವೃಕ್ಷಾಯುರ್ವೇದ ಮತ್ತು ಶಾಶ್ವತ ಕೃಷಿ

ಕ್ರಿ. ಶ. 1025ರ ಸುಮಾರಿನಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಕನ್ನಡದ ಶಾಸ್ತ್ರಗ್ರಂಥಗಳಲ್ಲಿ ಗಣ್ಯವಾದುದು. ಅದರಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವು ಮೀಸಲಾಗಿರುವುದಷ್ಟೆ. ಆಸ್ಟ್ರೇಲಿಯದ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಎಂಬವರು 1978ರಲ್ಲಿ ಗ್ರಂಥರೂಪವಾಗಿ ಪ್ರತಿಪಾದಿಸಿದ ‘ಪರ್ಮಾಕಲ್ಚರ್’ ಎಂಬ ಶಾಶ್ವತ ಕೃಷಿಯು ನಮ್ಮಲ್ಲಿ ಮೊದಲೇ ಶಾಸ್ತ್ರವಾಗಿದ್ದಿತೆಂದು ಇದರ ಬಲದಿಂದ ಹೇಳಲು ಮನಸ್ಸಾಗುವುದು ಸಹಜ. ಆ ಮಾತು ಎಷ್ಟರ ಮಟ್ಟಿಗೆ ಗ್ರಂಥಸಮ್ಮತವೆಂಬುದು ವಿಚಾರಣೀಯವಾಗಿದೆ.

ವೃಕ್ಷಾಯುರ್ವೇದದ ದೃಷ್ಟಿಯು ಹೆಸರೇ ಹೇಳುವಂತೆ ವೈದ್ಯನ ದೃಷ್ಟಿ. ಬೀಜಸಂಸ್ಕಾರ, ನೆಡುವ ಕ್ರಮ, ರೋಗಚಿಕಿತ್ಸೆ ಇವೆಲ್ಲವೂ ಒಂದೊಂದು ಮರವನ್ನು ರೋಗಿಯಂತೆ ಎದುರಿಗಿರಿಸಿಕೊಂಡು ಹೇಳಿದವು. ಹೂವಿನ ಬಣ್ಣವನ್ನು ಮಾರ್ಪಡಿಸುವಂತಹ ಯೋಗಗಳು ಉದ್ಯಾನದ ವಿನೋದಕ್ಕೆ ಸಲ್ಲುವುವೇ ಹೊರತು ಒಕ್ಕಲಿಗನ ಜೀವನಕ್ಕಲ್ಲ. ಪರ್ಮಾಕಲ್ಚರಾದರೋ ನೀರು, ಮಣ್ಣು, ಪಶು, ಮರ, ಮನೆ ಇವುಗಳ ಪರಸ್ಪರ ಸಂಬಂಧದ ಯೋಜನೆ.

ಅಂತಹ ಸಂಬಂಧದೃಷ್ಟಿಯು ಪ್ರಾಚೀನರಲ್ಲಿ ಇರಲಿಲ್ಲವೆಂದಲ್ಲ. ಮರಗಳು ಒತ್ತಾಗಿ ಬೆಳೆದು ಬೇರುಗಳು ಹೆಣೆದುಕೊಂಡರೆ ಫಲವು ಕುಂದುವುದೆಂದು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ತಿಳಿಸಿ, 20 ಹಸ್ತಗಳ ಅಂತರವು ಉತ್ತಮ, 16 ಮಧ್ಯಮ, 12 ಅಧಮವೆಂದಿರುವನು. ಮರ ಹುತ್ತಗಳ ಸಾಮೀಪ್ಯದಿಂದ ನೆಲದೊಳಗಣ ನೀರನ್ನು ಊಹಿಸುವ ಉದಕಾರ್ಗಳವು ಆತನಲ್ಲಿಯೂ ಉಂಟು, ಲೋಕೋಪಕಾರದಲ್ಲಿಯೂ ಉಂಟು. ಹೋಲಿಕೆಯನ್ನು ಅರಸುವವರು ನೋಡಬೇಕಾದುದು ಚಿಕಿತ್ಸಾಯೋಗಗಳಿಗಿಂತ ಈ ಭಾಗವನ್ನು.

ಆದರೆ ಸಂಬಂಧಯೋಜನೆಯ ಪೂರ್ಣರೂಪವನ್ನು ಕಾಣಬೇಕಾದರೆ ಓಲೆಗರಿಯನ್ನು ಬಿಟ್ಟು ಮಲೆನಾಡಿನ ಅಡಕೆಯ ತೋಟಕ್ಕೆ ಹೋಗಬೇಕು. ಅಲ್ಲಿ ಕಣಿವೆಯಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಗೊಬ್ಬರವಾಗಿ ತೋಟಕ್ಕೆ ಇಳಿಯುವುದು. ಅಡಕೆಯ ಮರಕ್ಕೆ ಮೆಣಸು ಹಬ್ಬುವುದು. ನೆರಳಿನಲ್ಲಿ ಬಾಳೆ, ಏಲಕ್ಕಿ ಬೆಳೆಯುವುವು. ತುದಿಯನ್ನು ಉಳಿಸಿ ಸೊಪ್ಪನ್ನು ಸವರಿದರೆ ಮರವು ಮತ್ತೆ ಚಿಗುರುವುದು. ಮಿತಿಮೀರಿ ಸವರಿದ ಬೆಟ್ಟಗಳು ಬೋಳಾಗಿರುವುದೂ ಉಂಟು. 1800–01ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬ್ಯುಕನನ್ನನು ಅಡಕೆಯ ಕೃಷಿಯನ್ನು ರೈತರ ಬಾಯಿಂದಲೇ ಕೇಳಿ ಬರೆದುಕೊಂಡನು. ಚಾವುಂಡರಾಯನಿಗೆ ಆಕರವು ಪೂರ್ವಶಾಸ್ತ್ರ. ಬ್ಯುಕನನ್ನನಿಗೆ ಆಕರವು ತೋಟ.

ಲೋಕೋಪಕಾರದಲ್ಲಿ ಇಲ್ಲದುದನ್ನು ಅದರ ಮೇಲೆ ಆರೋಪಿಸಿದರೆ ನಷ್ಟವು ಇಬ್ಬಗೆಯದು. ಸಂಸ್ಕೃತದಲ್ಲಿದ್ದ ಶಾಸ್ತ್ರವನ್ನು ಜನರ ಭಾಷೆಗೆ ತಂದ ಚಾವುಂಡರಾಯನ ನಿಜವಾದ ಹಿರಿಮೆಯು ಮರೆಯಾಗುವುದು. ಬರೆಹಕ್ಕೆ ಬಾರದೆ ಕೈಯಿಂದ ಕೈಗೆ ಬಂದ ಒಕ್ಕಲಿಗನ ವಿದ್ಯೆಯು ಪಂಡಿತನ ಲೆಕ್ಕಕ್ಕೆ ಹೋಗುವುದು. ಓಲೆಗರಿಯನ್ನು ಪರಿಷ್ಕರಿಸುವ ಶ್ರದ್ಧೆಯಿಂದಲೇ ಆ ವಿದ್ಯೆಯನ್ನೂ ಕೇಳಿ ಸಂಗ್ರಹಿಸುವುದು ವಿದ್ವಾಂಸರ ಕರ್ತವ್ಯವಾಗಿದೆ.