ಡಿಸ್ಕಿನ ದೂರು ಮೇಲಕ್ಕೆ ತಲಪುತ್ತಿದೆಯೆ?

ಗಣಕದಲ್ಲಿ ಕಡತವೊಂದನ್ನು ಉಳಿಸುತ್ತೀರಿ. ಪರದೆಯ ಮೇಲೆ ಯಾವ ದೂರೂ ಕಾಣುವುದಿಲ್ಲ. ಅದು ಡಿಸ್ಕನ್ನು ಸೇರಿತೆಂದು ನಂಬುತ್ತೀರಿ. ಈ ನಂಬಿಕೆ ಎಷ್ಟು ಗಟ್ಟಿ?

ಬರೆಯುವ ಆದೇಶಕ್ಕೆ ಆಪರೇಟಿಂಗ್ ಸಿಸ್ಟಂ ‘ಆಯಿತು’ ಎನ್ನುವಾಗ ಮಾಹಿತಿ ಸಾಮಾನ್ಯವಾಗಿ ಇನ್ನೂ ಸ್ಮೃತಿಯಲ್ಲೇ ಇರುತ್ತದೆ. ಡಿಸ್ಕಿಗೆ ಹೋಗುವುದು ಆಮೇಲೆ. ಆಗ ಡಿಸ್ಕ್ ಕೈಕೊಟ್ಟರೆ ಅದರ ಡ್ರೈವರ್ ಒಂದು ದೋಷಸಂಕೇತವನ್ನು ಮೇಲಿನ ಪದರಕ್ಕೆ ಕಳಿಸಬೇಕು, ಆ ಪದರ ಇನ್ನೂ ಮೇಲಕ್ಕೆ. ವರದಮೂಲದಲ್ಲಿ ಹುಟ್ಟಿದ ವರದೆ ಗಳಗನಾಥದವರೆಗೆ ಹರಿದು ತುಂಗಭದ್ರೆಯನ್ನು ಸೇರುತ್ತದಲ್ಲ, ಹಾಗೆ ಈ ಸಂಕೇತವೂ ನಿಮ್ಮ ಪ್ರೋಗ್ರಾಮಿನವರೆಗೆ ಹರಿದು ಬರಬೇಕು. ಲಿನಕ್ಸಿನಲ್ಲಿ ಅದು ಎಷ್ಟೋ ಸಲ ನಡುದಾರಿಯಲ್ಲೇ ಇಂಗಿಹೋಗುತ್ತಿತ್ತು.

2008ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹರ್ಯಾದಿ ಗುನಾವಿ ಮತ್ತು ಸಂಗಡಿಗರು ಲಿನಕ್ಸಿನ ಕಡತವ್ಯವಸ್ಥೆಗಳನ್ನೂ ಮೂರು ಮುಖ್ಯ ಡಿಸ್ಕ್ ಡ್ರೈವರ್‌ಗಳನ್ನೂ ಸಾಲುಸಾಲಾಗಿ ಜಾಲಾಡಿದರು. ದೋಷಸಂಕೇತ ಹಾದುಹೋಗುವ 9022 ಕರೆಗಳಲ್ಲಿ 1153, ಅಂದರೆ ಶೇಕಡ 13, ಅದನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ದೋಷ ನಿರ್ವಹಣೆ ‘ಒಮ್ಮೊಮ್ಮೆ ಸರಿಯಾಗಿರುತ್ತದೆ’ ಎಂದು ಅವರು ಪ್ರಬಂಧದ ಶೀರ್ಷಿಕೆಯಲ್ಲೇ ಕುಟುಕಿದರು. ಓದುವಾಗಿನ ದೋಷಕ್ಕಿಂತ ಬರೆಯುವಾಗಿನ ದೋಷಕ್ಕೇ ಹೆಚ್ಚು ಉಪೇಕ್ಷೆ ಎಂಬುದು ನನಗೆ ಹೆಚ್ಚು ಕಳವಳ ತಂದ ಅಂಶ. ಓದಲು ಆಗದಿದ್ದರೆ ತಕ್ಷಣ ತಿಳಿಯುತ್ತದೆ. ಬರೆಯಲು ಆಗದ್ದು ತಿಳಿಯುವುದು ಆ ಮಾಹಿತಿ ಬೇಕಾದ ದಿನ.

ಹತ್ತು ವರ್ಷದ ಮೇಲೆ, 2018ರಲ್ಲಿ, ಪೋಸ್ಟ್‌ಗ್ರೆಸ್ ದತ್ತಸಂಚಯದವರಿಗೆ ಇದರ ಬಿಸಿ ತಟ್ಟಿತು. ‘ಎಫ್‌ಸಿಂಕ್’ ಎಂಬ ಕರೆ, ಬರೆದದ್ದೆಲ್ಲ ಡಿಸ್ಕಿಗೆ ಹೋಗಲೇಬೇಕೆಂದು ಒತ್ತಾಯಿಸುತ್ತದೆ. ಅದು ವಿಫಲವಾದರೆ ಪೋಸ್ಟ್‌ಗ್ರೆಸ್ ಮತ್ತೆ ಪ್ರಯತ್ನಿಸುತ್ತಿತ್ತು. ಲಿನಕ್ಸಾದರೋ ಮೊದಲ ಸಲ ದೋಷ ವರದಿ ಮಾಡಿ, ಸ್ಮೃತಿಯಲ್ಲಿದ್ದ ಪುಟಕ್ಕೆ ‘ಬರೆದಾಗಿದೆ’ ಎಂಬ ಗುರುತು ಹಾಕಿಬಿಡುತ್ತಿತ್ತು. ಎರಡನೆಯ ಸಲ ಬರೆಯಲು ಏನೂ ಬಾಕಿಯಿಲ್ಲವಾಗಿ ‘ಯಶಸ್ವಿ’ ಎನ್ನುತ್ತಿತ್ತು! ಮಾಹಿತಿ ಮಾತ್ರ ಡಿಸ್ಕಿನಲ್ಲಿಲ್ಲ.

ಲಿನಕ್ಸಿನವರ ಸಮರ್ಥನೆಯಲ್ಲೂ ಹುರುಳಿದೆ. ಪೆನ್‌ಡ್ರೈವನ್ನು ಯಾರೋ ಕಿತ್ತುಕೊಂಡು ಹೋದರೆ, ಅದಕ್ಕೆ ಬರೆಯಬೇಕಿದ್ದ ಪುಟಗಳನ್ನು ಎಷ್ಟು ಕಾಲ ಸ್ಮೃತಿಯಲ್ಲಿ ಹೊತ್ತಿರುವುದು? ಪುಟವನ್ನು ಬಿಟ್ಟುಕೊಡಲಿ, ಸುದ್ದಿಯನ್ನೇಕೆ ಬಿಡಬೇಕು ಎಂಬುದು ನನ್ನ ತಕರಾರು. 2017ರ 4.13ನೇ ಆವೃತ್ತಿಯಿಂದ, ಕಡತವನ್ನು ತೆರೆದಿಟ್ಟುಕೊಂಡ ಪ್ರತಿಯೊಬ್ಬರಿಗೂ ದೋಷ ಒಮ್ಮೆಯಾದರೂ ತಿಳಿಯುವಂತೆ ಲಿನಕ್ಸ್ ಸುಧಾರಿಸಿತ್ತು. ಪುಟದ ಗುರುತು ಬದಲಾಗಲಿಲ್ಲ. ಪೋಸ್ಟ್‌ಗ್ರೆಸ್ 2019ರ ಫೆಬ್ರವರಿಯಿಂದ ಮೊದಲ ವೈಫಲ್ಯಕ್ಕೇ ನಿಂತು, ತನ್ನ ದಿನಚರಿ ಕಡತದಿಂದ ಎಲ್ಲವನ್ನೂ ಮತ್ತೆ ಬರೆಯುತ್ತದೆ.

ಅಧ್ಯಾಪಕರೇ, ನಿಮ್ಮ ಸಿ ಭಾಷೆಯ ಲ್ಯಾಬ್ ಕೈಪಿಡಿ ತೆರೆದು ನೋಡಿ. ಕಡತ ತೆರೆಯಿತೇ ಎಂದು ಪರೀಕ್ಷಿಸುವ ಸಾಲು ಇರಬಹುದು. ಬರೆದಾಗ, ಮುಚ್ಚಿದಾಗ ಬಂದ ಉತ್ತರವನ್ನು ಪರೀಕ್ಷಿಸುವ ಸಾಲು ಎಷ್ಟು ಅಭ್ಯಾಸಗಳಲ್ಲಿದೆ?