ಒಂದು ಹೂವು, ಒಂದು ಇಡೀ ರಾತ್ರಿ: ಧಾರಾವಾಹಿ ನೋಡುವವರಿಗೆ

ಯಮಕನಮರಡಿಯ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಟೀವಿ ಹಚ್ಚುವುದು ವಾಡಿಕೆ. ಹೋದ ತಿಂಗಳು ತಂಗಿಯ ಮಗಳು ರೊಟ್ಟಿ ಮುರಿಯುತ್ತ ಕೇಳಿದಳು: “ಮಾಮಾ, ಈ ಸೀರಿಯಲ್ ಮೊದಲ ಎಷ್ಟ ಚೊಲೋ ಇತ್ತು. ಈಗ ಯಾಕ ಹಿಂಗಾತು?” ಪ್ರಶ್ನೆ ಒಳ್ಳೆಯದೇ. ಆದರೆ ಕೇಳುವಾಗಲೂ ಅವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಕೆಟ್ಟಿದೆ ಎಂದು ಗೊತ್ತಿದ್ದೂ ನೋಡುವ, ನೋಡುತ್ತಲೇ ಬೈಯುವ, ಬೈದು ಮರುದಿನ ಅದೇ ಹೊತ್ತಿಗೆ ಮತ್ತೆ ಬಂದು ಕೂರುವ ಪ್ರೇಕ್ಷಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಹುಡುಗಿ ಆ ಸಾಲಿಗೆ ಸೇರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ವಾರಕ್ಕೊಮ್ಮೆ ಬರುವ ಟಿಆರ್‌ಪಿ, ಅದಕ್ಕೆ ತಕ್ಕ ಜಾಹೀರಾತಿನ ದರ, ಇವನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಓಡದ ಧಾರಾವಾಹಿಯನ್ನು ವಾಹಿನಿ ನಿಲ್ಲಿಸುತ್ತದೆ, ಓಡುವುದನ್ನು ನಿಲ್ಲಿಸುವುದಿಲ್ಲ. ಹೀಗಾಗಿ ಗೆದ್ದ ಕಥೆಗೇ ಮುಗಿಯುವ ಭಾಗ್ಯ ಇಲ್ಲ. ಜನ ಇಷ್ಟು ಹೇಳಿ ಕೈ ತೊಳೆದುಕೊಳ್ಳುತ್ತಾರೆ: ಎಳೆದರು, ಅದಕ್ಕೇ ಕೆಟ್ಟಿತು. ನಾನು ಇದನ್ನು ಒಪ್ಪುವುದಿಲ್ಲ. ಎಳೆಯುವುದು ತಪ್ಪಲ್ಲ. ಏನನ್ನು ಎಳೆಯುತ್ತಾರೆ ಎನ್ನುವುದನ್ನು ನೋಡಬೇಕು.

ಇದು ನನಗೆ ತಿಳಿದದ್ದು ಟೀವಿಯಿಂದಲ್ಲ, ಪಾರಿಜಾತದಿಂದ. ನಮ್ಮ ಸೀಮೆಯವರಿಗೆ ಶ್ರೀಕೃಷ್ಣ ಪಾರಿಜಾತದ ಬಯಲಾಟವನ್ನು ಪರಿಚಯ ಮಾಡಿಕೊಡಬೇಕಾದ ಕಾಲ ಬಂದಿದ್ದರೆ ಅದು ನಾಚಿಕೆಯ ಮಾತು. ಅದಕ್ಕೆ ರೂಪ ಕೊಟ್ಟ ಕುಲಗೋಡ ತಮ್ಮಣ್ಣ ಇಲ್ಲಿಯವನು. ಆ ಆಟದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನೂ ಇಲ್ಲಿಯವಳೇ. ಕಥೆ ಎಷ್ಟಿದೆ ಹೇಳಿ? ನಾರದ ದೇವಲೋಕದ ಹೂವು ತರುತ್ತಾನೆ, ಅದು ರುಕ್ಮಿಣಿಯ ಪಾಲಾಗುತ್ತದೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ, ಆಕೆ ಮುನಿಯುತ್ತಾಳೆ, ಕೃಷ್ಣ ಒಲಿಸಿಕೊಳ್ಳುತ್ತಾನೆ. ಬಾಯಲ್ಲಿ ಹೇಳಿದರೆ ಚಹಾ ಕುಡಿದು ಮುಗಿಸುವಷ್ಟೂ ಹೊತ್ತು ಹಿಡಿಯದು. ಇದನ್ನೇ ಇಡೀ ರಾತ್ರಿ ಆಡುತ್ತಾರೆ.

ನಾನಾಗ ಐದನೆಯ ಇಯತ್ತೆ. ಜಾತ್ರೆಯ ರಾತ್ರಿ ಆಯಿಯ ಜೊತೆ ಗೋಣಿಚೀಲ ಹಾಸಿಕೊಂಡು ಮುಂದೆಯೇ ಕುಳಿತಿದ್ದೆ. ಸತ್ಯಭಾಮೆಯ ಪಾತ್ರಧಾರಿಗೆ ವಯಸ್ಸಾಗಿತ್ತು, ಬಣ್ಣದ ಕೆಳಗೆ ಗಲ್ಲದ ಸುಕ್ಕು ಕಾಣುತ್ತಿತ್ತು. ಹೂವು ಸವತಿಗೆ ಹೋಯಿತೆಂದು ತಿಳಿದ ಮೇಲೆ ಆಕೆ ಒಂದೇ ಸಾಲನ್ನು ಮೂರು ಸಲ ಹಾಡಿದಳು. ಮೊದಲ ಸಲ ಸಿಟ್ಟು: ಕತ್ತು ಮೇಲೆ, ಕೈ ಸೊಂಟದ ಮೇಲೆ, ಹಾರ್ಮೋನಿಯಂ ಹಿಂದೆ ಬೀಳುವಂಥ ದನಿ. ಎರಡನೆಯ ಸಲ ಅದೇ ಸಾಲು, ದನಿ ಅರ್ಧಕ್ಕೆ ಇಳಿಯಿತು, ಸೆರಗಿನ ಅಂಚು ಬೆರಳಿಗೆ ಸುತ್ತತೊಡಗಿತು. ಮೂರನೆಯ ಸಲಕ್ಕೆ ತಬಲಾದವನು ಕೈ ತಡೆದ. ಆಕೆ ಹಾಡಲಿಲ್ಲ, ಸಾಲನ್ನು ತನಗೆ ತಾನೇ ಹೇಳಿಕೊಂಡಳು. ಸುತ್ತಿದ ಸೆರಗು ತಾನಾಗಿ ಬಿಚ್ಚಿತು. ಪಕ್ಕದಲ್ಲಿ ಆಯಿ ಮೂಗು ಒರೆಸಿಕೊಳ್ಳುತ್ತಿದ್ದಳು. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಸತ್ಯಭಾಮೆ ಮಾತ್ರ ಸೊಕ್ಕಿನಿಂದ ಸಂಕಟಕ್ಕೆ, ಸಂಕಟದಿಂದ ಒಂಟಿತನಕ್ಕೆ ಇಳಿದಿದ್ದಳು.

ಈಗ ಇವತ್ತಿನ ಧಾರಾವಾಹಿಗೆ ಬನ್ನಿ. ಅಲ್ಲಿಯೂ ಒಂದನ್ನೇ ಮೂರು ಸಲ ತೋರಿಸುತ್ತಾರೆ. ಅತ್ತೆ ಒಂದು ಮಾತು ಅಂದಳು. ಧಡ್ ಎಂದು ಸದ್ದು, ಸೊಸೆಯ ಮುಖ. ಮತ್ತೆ ಧಡ್, ಅದೇ ಮುಖ ಇನ್ನೂ ಹತ್ತಿರ. ಮತ್ತೊಮ್ಮೆ ಧಡ್. ಆಮೇಲೆ ಮೈದುನನ ಮುಖ, ನಾದಿನಿಯ ಮುಖ, ಕೆಲಸದವಳ ಮುಖ. ಮೂರನೆಯ ಸಲದ ಮುಖದಲ್ಲಿ ಮೊದಲ ಸಲ ಇಲ್ಲದ್ದು ಏನಾದರೂ ಇದೆಯೇ? ಇದೊಂದು ಪ್ರಶ್ನೆ ಕೇಳಿಕೊಳ್ಳಲು ಕಲಿತರೆ ಅರ್ಧ ರಸಿಕರಾದಂತೆ. ಪಾರಿಜಾತದವರು ಭಾವವನ್ನು ಬೆಳೆಸುತ್ತಾರೆ. ಧಾರಾವಾಹಿಯವರು ಹೊತ್ತು ತುಂಬುತ್ತಾರೆ, ಅದಕ್ಕೂ ಸಾಲದಾದಾಗ ಘಟನೆ ತಂದು ಸುರಿಯುತ್ತಾರೆ: ಅಪಘಾತ, ಮರೆವು, ಅಪಹರಣ, ಸತ್ತವನು ತಿರುಗಿ ಬರುವುದು. ಘಟನೆ ಹೆಚ್ಚಿದಷ್ಟೂ ಮನುಷ್ಯರು ತೆಳುವಾಗುತ್ತ ಹೋಗುತ್ತಾರೆ. ಇಂದು ಸತ್ತ ಅಣ್ಣನಿಗೆ ಅಳುವಷ್ಟರಲ್ಲಿ ನಾಳೆ ತಂಗಿಯ ಅಪಹರಣ ಆಗಬೇಕಲ್ಲ. ಅಳುವುದಕ್ಕೆ ಪುರುಸೊತ್ತೆಲ್ಲಿ?

ಬೆಳಗಾವಿಗೂ ಕೊಲ್ಲಾಪುರಕ್ಕೂ ನಡುವಿನ ಊರು ನಮ್ಮದು, ಮರಾಠಿ ವಾಹಿನಿಗಳೂ ಮನೆಮನೆಯಲ್ಲಿ ಬರುತ್ತವೆ. ಹಾಗಾಗಿ ಒಂದೇ ಕಥೆ ಎರಡು ಭಾಷೆಯಲ್ಲಿ ಬೆಳೆದದ್ದನ್ನು ಕಣ್ಣಾರೆ ಕಂಡೆ. ಜೀ ಮರಾಠಿಯ ‘ತುಲಾ ಪಾಹತೇ ರೇ’ 2018ರಲ್ಲಿ ಶುರುವಾಗಿ ವರ್ಷ ತುಂಬುವುದರೊಳಗೆ 2019ರಲ್ಲಿ ಮುಗಿಯಿತು. ನಡುವಯಸ್ಸಿನ ಶ್ರೀಮಂತ, ಬಡಮನೆಯ ಹುಡುಗಿ, ಅವನ ಹಿಂದಿನ ಬದುಕಿನ ಗುಟ್ಟು. ಗುಟ್ಟು ಒಡೆಯಿತು, ಲೆಕ್ಕ ತೀರಿತು, ಮಂಗಳ ಹಾಡಿದರು. ಅದನ್ನೇ ಆಧರಿಸಿದ ಜೀ ಕನ್ನಡದ ‘ಜೊತೆ ಜೊತೆಯಲಿ’ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದಾಗ ನಾನೂ ಮೆಚ್ಚಿ ನೋಡಿದವನೇ. ಆರ್ಯವರ್ಧನ್ ಮತ್ತು ಅನು ಸಿರಿಮನೆಯ ನಡುವೆ ಮೊದಮೊದಲು ಇದ್ದ ಸಂಕೋಚ, ಮಾತಿಗೂ ಮಾತಿಗೂ ನಡುವಿನ ತಡವರಿಕೆ ಅಪ್ಪಟ ಅಭಿನಯ. ಆದರೆ ಕನ್ನಡದ್ದು 2023ರವರೆಗೆ ನಡೆಯಿತು. 2022ರಲ್ಲಿ ನಾಯಕನ ಪಾತ್ರದ ನಟನೇ ಬದಲಾದ ಮೇಲೂ ನಡೆಯಿತು. ಒಂದು ವರ್ಷದೊಳಗಿನ ಕಥೆಗೆ ನಾಲ್ಕು ವರ್ಷದ ಅಂಗಿ. ಒಂದು ಗುಟ್ಟಿನ ಸುತ್ತ ಕಟ್ಟಿದ ಕಥೆ, ಗುಟ್ಟು ಒಡೆದ ಮೇಲೆ ಯಾವ ಆಸರೆಯಲ್ಲಿ ನಿಲ್ಲಬೇಕು?

‘ಪುಟ್ಟಗೌರಿ ಮದುವೆ’ಯ ಬಗ್ಗೆ ನನ್ನ ದುಃಖ ಇನ್ನೂ ದೊಡ್ಡದು. ಹಿಂದಿಯ ‘ಬಾಲಿಕಾ ವಧು’ವಿನಿಂದ ಬಂದ ಈ ಕಥೆ 2012ರಲ್ಲಿ ಶುರುವಾದಾಗ ಅದರ ಎದುರಿಗಿದ್ದದ್ದು ಬಾಲ್ಯವಿವಾಹ. ಲಂಗದ ಹುಡುಗಿ ಅತ್ತೆಮನೆಯ ಹೊಸ್ತಿಲಲ್ಲಿ ನಿಂತ ದೃಶ್ಯಗಳನ್ನು ನೋಡಿ ನಮ್ಮ ಓಣಿಯ ಮುದುಕಿಯರು ತಮ್ಮ ಮದುವೆಯ ವಯಸ್ಸು ಹೇಳಿಕೊಂಡು ಅತ್ತದ್ದುಂಟು. ಪುಟ್ಟಗೌರಿ ದೊಡ್ಡವಳಾದ ದಿನವೇ ಆ ಪ್ರಶ್ನೆ ಕಥೆಯಿಂದ ಎದ್ದು ಹೋಯಿತು. ಮುಂದೆ ಅವಳು ಪ್ರಪಾತಕ್ಕೆ ಬಿದ್ದು ಬದುಕಿದಾಗ ನಾಡೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಮುದುಕಿಯರ ಕಣ್ಣೀರಿಗೆ ಹುಟ್ಟಿದ್ದ ಕಥೆ ಮೊಬೈಲ್ ಚೇಷ್ಟೆಗೆ ಆಹಾರವಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಹಾಗೆ ನಕ್ಕವರೇ ಮರುದಿನವೂ ನೋಡಿದರು, ಅದು ಮುಗಿಯುವವರೆಗೂ.

ಹಾಗಾದರೆ ದೀರ್ಘ ಧಾರಾವಾಹಿ ಚೆನ್ನಾಗಿರಲು ಸಾಧ್ಯವೇ ಇಲ್ಲವೇ ಎಂದರೆ, ಇದೆ. 1998ರ ‘ಮಾಯಾಮೃಗ’ ನೋಡಿ. ದೂರದರ್ಶನಕ್ಕಾಗಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ್ದು. ದಿನದಿನವೂ ಬರುತ್ತಿದ್ದದ್ದೇ, ಆದರೆ ಪಾತ್ರಗಳು ಕುಳಿತು ಮಾತಾಡುತ್ತಿದ್ದವು, ಮಾತಾಡಿ ಬದಲಾಗುತ್ತಿದ್ದವು. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಬೇರೆಯೇ ದಾರಿ: ಹೆಚ್ಚಾಗಿ ಬಿಡಿ ಕಥೆಗಳು, ಮುಗಿಯಬೇಕಾದಲ್ಲಿ ಮುಗಿಯುವವು. ರಾಮಾನಂದ ಸಾಗರರ ‘ರಾಮಾಯಣ’ 52 ಕಂತೆಂದು ಹೊರಟು 78ಕ್ಕೆ ಬೆಳೆಯಿತು. ಆದರೂ ಪಟ್ಟಾಭಿಷೇಕ ಎಲ್ಲಿದೆ ಎಂದು ಮಾಡುವವರಿಗೂ ನೋಡುವವರಿಗೂ ಗೊತ್ತಿತ್ತು.

ಹೊಸಬರು ಮಾಡಬೇಕಾದ್ದು ಇಷ್ಟು. ಮೊದಲ ವಾರದ ಕಂತುಗಳನ್ನು ನೋಡಿ, ಈ ಕಥೆ ಯಾವ ಪ್ರಶ್ನೆ ಹೊತ್ತು ಹುಟ್ಟಿದೆ ಎಂದು ಒಂದೇ ಸಾಲಿನಲ್ಲಿ ಬರೆದಿಡಿ. ಆ ಪ್ರಶ್ನೆಗೆ ಉತ್ತರ ಸಿಕ್ಕ ದಿನ ಅದು ಮುಗಿಯಿತೆಂದು ತಿಳಿದು ಎದ್ದುಬಿಡಿ, ವಾಹಿನಿ ಮಂಗಳ ಹಾಡಲಿ ಬಿಡಲಿ. ಎರಡು ಧಾರಾವಾಹಿಗಳ ಮನೆಯವರನ್ನು ಒಂದೇ ಹಬ್ಬಕ್ಕೆ ಕೂಡಿಸುವ ಮಹಾಸಂಗಮಗಳ ಹತ್ತಿರ ಸುಳಿಯಲೇಬೇಡಿ. ಸಂಗೀತ, ಉಡುಗೆ, ಬೆಳಕಿನ ಮಾತು ಆಮೇಲೆ.

ಇನ್ನೊಂದು ಪರೀಕ್ಷೆ ಉಂಟು: ಟೀವಿಯ ದನಿ ಬಂದ್ ಮಾಡಿ ಒಂದು ಕಂತು ನೋಡುವುದು. ತಂಗಿಯ ಮಗಳಿಗೆ ಪೆನ್ನು ಹಾಳೆ ಕೊಟ್ಟು, ಮುಖಗಳಲ್ಲಿ ಏನಾಯಿತೋ ಅದನ್ನಷ್ಟೇ ಬರೆ ಎಂದೆ. ಜಾಹೀರಾತು ಕಳೆದು ಇಪ್ಪತ್ತು ನಿಮಿಷವಾದ ಮೇಲೆ ಹಾಳೆ ತಿರುಗಿಸಿದಳು. ಮೂರು ಸಾಲು ಇದ್ದವು: “ಫೋನ್ ಬಂತು. ಎಲ್ಲಾರೂ ಹೊಳ್ಳಿ ನೋಡಿದ್ರು. ಫೋನ್ ಇಟ್ರು.” ಓದಿ ಮುಗಿಸುವಷ್ಟರಲ್ಲಿ ಅವಳು ರಿಮೋಟ್ ತೆಗೆದುಕೊಂಡು ಟೀವಿ ಆರಿಸಿದ್ದಳು. “ಮಾಮಾ, ಆ ಪಾರಿಜಾತದಾಕಿ ಮೂರನೇ ಸಲ ಹೆಂಗ ಅಂದ್ಲು? ಇನ್ನೊಮ್ಮೆ ಹೇಳ್ರಿ” ಎಂದಳು.